ದೊರೆಯ ಮದ

ಬಾಟಲಿ ಹಾಲು ಕುಡಿಸಿ ಜಿಂಕೆಮರಿ ಸಾಕಿದವಳು ಕಾಡಂಚಿನ ಕಾವಲುಗಾರನ ಹೆಂಡತಿ. ತಾಯಿಜಿಂಕೆ ಮರಿಯನ್ನು ಹುಲ್ಲಲ್ಲಿ ಮಲಗಿಸಿ ಮೇಯೋಕೆ ಹೋಗುತ್ತೆ, ಸಂಜೆಗೆ ಬಂದೇ ಬರುತ್ತೆ ಅಂತ ಗಂಡ ಬಡಕೊಂಡ. ಕೇಳಿದಳಾ? 'ಅಯ್ಯೋ ಪಾಪ, ಅನಾಥ' ಅಂತ ಎತ್ತಿಕೊಂಡು ಬಂದೇಬಿಟ್ಟಳು. ದೊರೆ ಅಂತ ಹೆಸರೂ ಇಟ್ಟಳು.

ಹಿತ್ತಿಲ ಬೇಲಿಯೊಳಗೆ ದೊರೆ ಅವಳ ಎದೆಮಟ್ಟ ಬೆಳೆದ. ಬೆದೆಯ ಕಾಲ ಬಂತು ನೋಡಿ, ಕತ್ತು ದಪ್ಪಗಾಯಿತು. ಕೊಂಬಿನ ಮೇಲಿದ್ದ ಚರ್ಮವನ್ನೆಲ್ಲ ಮರಕ್ಕೆ ಉಜ್ಜಿ ಉಜ್ಜಿ ಕಿತ್ತುಹಾಕಿದ. ಮೇವು ಬಿಟ್ಟ, ಹಗಲೆಲ್ಲ ಕೂಗಿದ.

ದನದ ಡಾಕ್ಟರು ಬಂದು ನೋಡಿದರು. "ನೋಡಮ್ಮ, ಇವನಿಗೆ ತಾನು ಜಿಂಕೆ ಅಂತಲೇ ಗೊತ್ತಿಲ್ಲ. ಕಾಡಲ್ಲಿ ಬೆಳೆದಿದ್ದರೆ ಮನುಷ್ಯರನ್ನ ಕಂಡು ಓಡ್ತಿದ್ದ. ಇವನ ಲೆಕ್ಕದಲ್ಲಿ ನೀನೇ ಹಿಂಡು, ನಿನ್ನ ಯಜಮಾನ ಎದುರಾಳಿ. ಕೊಂಬು ಕೊಯ್ದುಬಿಡ್ತೀನಿ. ಉಗುರು ಕತ್ತರಿಸಿದ ಹಾಗೆ, ನೋವಾಗಲ್ಲ."

"ಕೊಂಬಿಲ್ಲದೆ ಏನು ಚೆಂದ? ನಾನು ಎತ್ತಾಡಿಸಿದ ಕೂಸು, ಏನೂ ಮಾಡಲ್ಲ."

"ನಿನಗೇನೂ ಮಾಡಲ್ಲ ಬಿಡೇ," ಗಂಡ ನಕ್ಕ. "ಈ ಮನೇಲಿ ನನ್ನ ಮಾತಿಗೆ ಮೂರು ಕಾಸಿನ ಬೆಲೆ ಇಲ್ಲ ಡಾಕ್ಟ್ರೇ. ಮುಂದಿನ ವಾರ ಬನ್ನಿ, ಹೇಗಾದರೂ ಒಪ್ಪಿಸಿರ್ತೀನಿ."

ಮಾರನೇ ಬೆಳಿಗ್ಗೆ ಅವಳು ನೀರಿಡಲು ಬೇಲಿಯೊಳಗೆ ಹೋದಳು. ದೊರೆ ಮೂತಿಯಿಂದ ಅವಳನ್ನು ಮೂಲೆಗೆ ದೂಡಿದ. ಬಾಗಿಲ ಕಡೆ ಹೆಜ್ಜೆ ಇಟ್ಟರೆ ಅಡ್ಡ ಬಂದ. "ರೀ! ಬನ್ರೀ!" ಅಂತ ಕೂಗಿಕೊಂಡಳು. ಗಂಡ ಬರಿಗೈಯಲ್ಲೇ ಓಡಿಬಂದು ನಡುವೆ ನಿಂತ.

"ಲೇ, ನೀನು ಹೊರಗೆ ಹೋಗೇ!"

ಅವಳು ಹೊರಗೆ ಬಿದ್ದಳು. ತಿರುಗಿ ನೋಡುವಷ್ಟರಲ್ಲಿ ಕೊಂಬು ಅವನ ಹೊಟ್ಟೆಯೊಳಗಿತ್ತು. ಆಸ್ಪತ್ರೆ ಮುಟ್ಟುವ ಮೊದಲೇ ಪ್ರಾಣ ಹೋಯಿತು.

ಅವನ ತಮ್ಮ ಬಂದೂಕು ಹಿಡಿದು ಬಂದ. ಇವಳು ಬೇಲಿಗೆ ಬೆನ್ನು ಕೊಟ್ಟು ನಿಂತಳು. "ಅದೇನು ಮಾಡೀತು ಮೈದ್ನಾ? ಕೊಂದವಳು ನಾನು. ಹೊಡೆಯೋದಾದರೆ ನನ್ನ ಹೊಡಿ." ಮೈದುನ ಅವಳ ಮುಖಕ್ಕೆ ಉಗಿಯದೆ ಹೋಗಿದ್ದೇ ಹೆಚ್ಚು. ಮತ್ತೆ ಆ ಮನೆ ಮೆಟ್ಟಿಲು ಹತ್ತಲಿಲ್ಲ.

ಚಳಿ ಕಳೆಯುವ ಹೊತ್ತಿಗೆ ಮದ ಇಳಿಯಿತು. ಒಂದು ಬೆಳಿಗ್ಗೆ ನೋಡುತ್ತಾಳೆ, ಎರಡೂ ಕೊಂಬು ತಾವಾಗಿಯೇ ಉದುರಿ ಹುಲ್ಲಲ್ಲಿ ಬಿದ್ದಿವೆ. ಬೋಳುತಲೆಯ ದೊರೆ ಬೇಲಿ ಸಂದಿಯಿಂದ ಅವಳ ಬೆರಳು ನೆಕ್ಕಿದ. ಅವಳು ಬೆರಳು ಹಿಂದಕ್ಕೆಳೆದುಕೊಂಡಳು. ಬಾಗಿಲು ತೆಗೆದು, "ಹೋಗು! ಹಾಳಾಗಿ ಹೋಗು!" ಅಂತ ಕಿರುಚಿ ಕಲ್ಲು ಬೀಸಿದಳು. ಕಲ್ಲು ಪಕ್ಕೆಗೆ ಬಡಿಯಿತು.

ದೊರೆ ಕಾಡಿನತ್ತ ತಿರುಗಿಯೂ ನೋಡಲಿಲ್ಲ. ಅವಳನ್ನು ದಾಟಿ ಮನೆಯೊಳಗೆ ಹೋಗಿ, ಗಂಡ ಮಲಗುತ್ತಿದ್ದ ಚಾಪೆಯ ಮೇಲೆ ಕಾಲು ಮಡಚಿ ಮಲಗಿದ.