ಅಪ್ಪ ಬಿಟ್ಟುಹೋದ ಬರ್ಚ್ ಗಂಟು

ನಮ್ಮ ಲ್ಯಾಪ್‌ಲ್ಯಾಂಡಿನ ಮನೆಯ ಹಿಂದಿದ್ದ ಬರ್ಚ್ ಮರದ ಕಾಂಡದಲ್ಲಿ ಉಬ್ಬಿದ್ದ ದಪ್ಪ ಗಂಟನ್ನು ಅಪ್ಪ ನನಗೆಂದೇ ಕಡಿಯದೆ ಬಿಟ್ಟುಹೋಗಿದ್ದ. ಮಗಳ ಮದುವೆಗೆ ಅದರಲ್ಲಿ ಕಾಫಿ ಬಟ್ಟಲು ಕೆತ್ತಬೇಕೆಂದಿದ್ದೆ. ಒಂದು ಬೆಳಿಗ್ಗೆ ನೋಡಿದರೆ ಅಲ್ಲಿ ಗರಗಸದ ಹಸಿ ಗಾಯವಷ್ಟೇ ಉಳಿದಿತ್ತು.

ಕೆಲವೇ ದಿನಕ್ಕೆ ಪಕ್ಕದ ಮನೆಯ ಅರ್ಮಸ್ ಹಸಿ ಮರದಲ್ಲಿ ಕೆತ್ತಿದ ಬಟ್ಟಲೊಂದನ್ನು ಹಿಡಿದು ಬಂದು ಮೂಗಿನಲ್ಲೇ ರಾಗ ಎಳೆದ: "ಹಿಲ್ಯಕ್ಕಾ, ಭಾನುವಾರ ಹುಡುಗಿ ಕಡೆಯೋರು ಬರ್ತಾರೆ. ಇದನ್ನ ಬೇಗ ಒಣಗಿಸೋದು ಹೆಂಗೆ?"

"ಇಂಥ ಗಂಟು ಎಲ್ಲಿ ಸಿಕ್ತೋ?"

"ದೂರದ ಕಾಡಲ್ಲಿ."

ಬಟ್ಟಲಿನ ಹೊರಮೈಯಲ್ಲಿ ಉಳಿದಿದ್ದ ಆ ಗಂಟಿನ ಸುಳಿಗಳನ್ನು ನೋಡುತ್ತಲೇ ಬೆಳೆದವಳು ನಾನು. ಹಸಿ ಬಟ್ಟಲು ನೆರಳಲ್ಲಿ ವಾರಗಟ್ಟಲೆ ಆರಬೇಕು. ನಾನು ಸಕ್ಕರೆಯಂಥ ದನಿಯಲ್ಲಿ, "ಬಿಸಿ ಒಲೆ ಮೇಲಿಡಪ್ಪ," ಎಂದೆ.

ಭಾನುವಾರ ನನ್ನನ್ನೂ ಕರೆದಿದ್ದ. ಒಲೆಯ ಬಿಸಿಗೆ ಬಟ್ಟಲಲ್ಲಿ ಎದ್ದ ಬಿರುಕುಗಳಿಗೆ ಜೇನುಮೇಣ ಮೆತ್ತಿ ಹೊಳಪು ಕೊಟ್ಟಿದ್ದ. ಭಾವೀ ಮಾವನ ಕೈಯಲ್ಲಿ ಬಟ್ಟಲಿಟ್ಟು ಬಿಸಿ ಕಾಫಿ ಸುರಿದದ್ದೇ ತಡ, ಮೇಣ ಕರಗಿ ಕಾಫಿಯೆಲ್ಲ ಮುದುಕನ ಹೊಸ ಷರಾಯಿಯ ಮೇಲೆ ಇಳಿಯಿತು.

"ಹಿಲ್ಯಕ್ಕನೇ ಹೇಳಿದ್ದು, ಒಲೆ ಮೇಲಿಡು ಅಂತ!" ಅರ್ಮಸ್ ಕಿರುಚಿದ.

"ಹೌದಪ್ಪ, ನಾನೇ. ಗಂಟು ಯಾರ ಮರದ್ದು ಅಂತಾನೂ ಮಾವಂಗೆ ಹೇಳಿಬಿಡು."

ಅವನು ಬಟ್ಟಲನ್ನು ಕಸಿದು ಬೆನ್ನ ಹಿಂದೆ ಬಚ್ಚಿಟ್ಟ. ನಾನು ಇನ್ನೊಂದು ಲೋಟ ಕಾಫಿ ಕೇಳಿ, ನಿಧಾನವಾಗಿ ಹೀರಿದೆ.