ಎರಡು ತೋಳು, ಎರಡು ಅಳತೆ

ಟೈಲರಮ್ಮನ ಕತ್ತರಿಗೆ ಸುಳ್ಳು ಹೇಳುವುದು ಚೆನ್ನಾಗಿ ಗೊತ್ತಿತ್ತು. ಗೂನು ಬೆನ್ನನ್ನು ನೆಟ್ಟಗೆ ಕಾಣಿಸುವುದರಲ್ಲಿ, ಡೊಳ್ಳು ಹೊಟ್ಟೆಯನ್ನು ಅಡಗಿಸುವುದರಲ್ಲಿ ಅವಳದು ಎತ್ತಿದ ಕೈ. ಆದರೆ ಅವಳ ಎಲ್ಲಕ್ಕಿಂತ ದೊಡ್ಡ ಸುಳ್ಳು ಮನೆಯೊಳಗೇ ಓಡಾಡುತ್ತಿತ್ತು. ಅದನ್ನು ತೊಟ್ಟವಳು ಹನ್ನೊಂದು ವರ್ಷದ ಮಗಳು. ಹೊಲಿಗೆ ಮೆಷಿನ್ನಿನ ದಾರದ ಉರುಳೆಯಂತೆ ಒಂದು ಕಡೆ ನಿಲ್ಲದೆ ಸುತ್ತುತ್ತಿದ್ದುದರಿಂದ ಅವಳಿಗೆ ಎಲ್ಲರೂ ಇಟ್ಟ ಹೆಸರು ಬಾಬಿನ್.

ಬಾಬಿನ್‌ಳ ಎಡತೋಳು ಬಲತೋಳಿಗಿಂತ ದಪ್ಪ. ಎರಡು ವರ್ಷದವಳಿದ್ದಾಗ ತುಸು ಹೆಚ್ಚು ಅನ್ನಿಸಿತ್ತು, ಈಗ ಕಣ್ಣಿಗೆ ಹೊಡೆಯುವಷ್ಟು. ಅದಕ್ಕೆ ತಾಯಿ ಎಡತೋಳಿನ ಅಳತೆಗಿಂತಲೂ ಸಡಿಲವಾಗಿ ಅಂಗಿಯ ಎರಡೂ ತೋಳು ಕತ್ತರಿಸುತ್ತಿದ್ದಳು. ಎರಡೂ ಕಡೆ ಚೀಲದಂತೆ ಜೋಲುವ ಉದ್ದ ತೋಳು. ಸೆಖೆಗೆ ಮಗು ಬೆಂದುಹೋದರೂ ಸರಿ, ಯಾರ ಕಣ್ಣಿಗೂ ಬೀಳಬಾರದು! ಇಂಥ ತಪ್ಪನ್ನು ಟೈಲರ್ ಅಲ್ಲದೆ ಬೇರೆ ಯಾರೂ ಇಷ್ಟು ಅಚ್ಚುಕಟ್ಟಾಗಿ ಮಾಡಲಾರರು.

ಒಂದು ಮಧ್ಯಾಹ್ನ ಆರೋಗ್ಯ ಕೇಂದ್ರದ ನರ್ಸಮ್ಮ ಹೊಲಿಯಲು ಕೊಟ್ಟಿದ್ದ ಬಿಳಿ ಕೋಟು ಒಯ್ಯಲು ಬಂದರು. ಅದನ್ನು ಮೊಳೆಯಿಂದ ಇಳಿಸಿಕೊಡಲು ಬಾಬಿನ್ ಎರಡೂ ಕೈ ಮೇಲೆತ್ತಿದಳು. ಜೋಲು ತೋಳುಗಳು ಭುಜದವರೆಗೆ ಜಾರಿದವು.

“ಪುಟ್ಟಿ, ಈ ಕೈ ಯಾವಾಗಿಂದ ಹೀಗಿದೆ?” ಎಂದರು ನರ್ಸಮ್ಮ.

ಟೈಲರಮ್ಮ ಮೆಷಿನ್ ನಿಲ್ಲಿಸಿದಳು. “ಏನಿಲ್ಲ ನರ್ಸಮ್ಮ, ಸ್ವಲ್ಪ ಮೈ ಬಂದಿದೆ ಅಷ್ಟೆ.”

“ಒಂದೇ ಕೈಗೆ ಮೈ ಬರುತ್ತೇನ್ರೀ?”

“ಈಗ ಮೊಣಕೈ ಪೂರ್ತಿ ಮಡಚೋಕೂ ಆಗಲ್ಲ,” ಎಂದಳು ಬಾಬಿನ್. ತಾಯಿಗೆ ಅದು ಗೊತ್ತೇ ಇರಲಿಲ್ಲ.

ಮೂಲೆಯಲ್ಲಿ ಗುಂಡಿ ಹಚ್ಚುತ್ತಿದ್ದ ಟೈಲರಮ್ಮನ ಅತ್ತೆ ತಲೆಯೆತ್ತಿದರು. “ಬಾಯಿಬಿಟ್ಟರೆ ಬಣ್ಣಗೇಡು ಅಂತ ಸುಮ್ನಿದೀವಿ ಕಣಮ್ಮ. ನಮ್ಮ ವಂಶದಲ್ಲಿ ಇಂಥದ್ದು ಇರಲಿಲ್ಲ. ಬಸುರೀಲಿ ಇವಳು ಹೊತ್ತುಗೊತ್ತಿಲ್ಲದೆ ಮೆಷಿನ್ ತುಳಿದಳು. ಬೇಡ ಅಂದ್ರೆ ಕೇಳಿದ್ಲಾ?”

ಈ ಮಾತನ್ನು ಟೈಲರಮ್ಮ ಒಂಬತ್ತು ವರ್ಷದಿಂದ ನುಂಗುತ್ತ ಬಂದಿದ್ದಳು. ನುಂಗಿ ನುಂಗಿ ನಂಬಿಯೂ ಬಿಟ್ಟಿದ್ದಳು. “ರಕ್ತ ಪರೀಕ್ಷೆ ಮಾಡಿಸಿದ್ವಿ ನರ್ಸಮ್ಮ. ಎಲ್ಲಾ ಸರಿ ಇದೆ ಅಂದ್ರು,” ಎಂದಳು ಮೆಲ್ಲಗೆ.

ನರ್ಸಮ್ಮ ಮೇಜಿನ ಮೇಲಿದ್ದ, ಬಟ್ಟೆ ಕತ್ತರಿಸುವ ಕಾಗದದ ಅಚ್ಚೊಂದನ್ನು ಎತ್ತಿಕೊಂಡರು. “ಇದರಿಂದ ಇನ್ನೊಂದು, ಅದರಿಂದ ಮತ್ತೊಂದು ನಕಲು ತೆಗೀತೀರಿ ಅಲ್ವಾ? ಮಧ್ಯದಲ್ಲಿ ಒಂದು ಸಲ ಪೆನ್ಸಿಲ್ ಜಾರಿದ್ರೆ?”

“ಅಲ್ಲಿಂದ ಮುಂದೆ ತೆಗೆದಿದ್ದೆಲ್ಲ ತಪ್ಪು. ಮೊದಲಿನವು ಸರಿ ಇರ್ತವೆ.”

“ಮೈಯಲ್ಲೂ ಹಾಗೇ ಆಗಬಹುದು. ಮಗು ಹೊಟ್ಟೆಯಲ್ಲಿ ಬೆಳೀತಿರುವಾಗ ಒಂದೇ ಒಂದು ಜೀವಕೋಶದಲ್ಲಿ ನಕಲು ತಪ್ಪುತ್ತೆ. ಅದರಿಂದ ಹುಟ್ಟಿದ ಭಾಗ ಮಾತ್ರ ಅಳತೆ ಮೀರಿ ಬೆಳೆಯುತ್ತೆ. ರಕ್ತ ಬೇರೆ ಅಚ್ಚಿಂದ ಬಂದಿದ್ದು ಅಂದ್ಕೊಳ್ಳಿ. ಅದಕ್ಕೇ ಎಷ್ಟೋ ಸಲ ಅದರಲ್ಲಿ ಏನೂ ಕಾಣಲ್ಲ. ಬೆಳೆದ ಜಾಗದ ಚೂರೇ ಚೂರು ತೆಗೆದು ನೋಡ್ಬೇಕಾಗುತ್ತೆ. ತುಂಬ ಅಪರೂಪದ ಕಾಯಿಲೆ. ಇವಳಿಗೆ ಇರೋದು ಅದೇನಾ ಅಂತ ದೊಡ್ಡಾಸ್ಪತ್ರೇಲಿ ಹೇಳ್ತಾರೆ. ಅಲ್ಲಿ ಇದರ ಸಂಶೋಧನೆ ನಡೀತಿದೆ.”

ಟೈಲರಮ್ಮ ಆ ಅಚ್ಚನ್ನು ಅವರ ಕೈಯಿಂದ ತೆಗೆದುಕೊಂಡಳು. “ಪೆನ್ಸಿಲ್ ಜಾರಿಸಿದ್ದು ಯಾರು ನರ್ಸಮ್ಮ?”

“ಯಾರೂ ಅಲ್ಲ. ತಾನಾಗೇ ಜಾರುತ್ತೆ. ನೀವು ಮಾಡಿದ್ದಲ್ಲ, ನಿಮ್ಮಿಂದ ತಡೆಯೋಕೂ ಆಗ್ತಿರಲಿಲ್ಲ.”

“ಸಂಶೋಧನೆ ಅಂತ ಮಗೂನ ಪ್ರಯೋಗದ ಇಲಿ ಮಾಡಿಬಿಡ್ತಾರೆ!” ಎಂದು ಅತ್ತೆ ಸೂಜಿಯನ್ನು ಬಟ್ಟೆಗೆ ಚುಚ್ಚಿದರು.

“ಅದನ್ನೇ ಅಲ್ಲಿ ಜೋರಾಗಿ ಕೇಳಿ ಅಜ್ಜಿ. ಉತ್ತರ ಸರಿ ಅನ್ನಿಸದಿದ್ರೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕ್ಬೇಡಿ. ಹಾಕಿದ ಮೇಲೂ ಬೇಡ ಅನ್ನಿಸಿದ್ರೆ ಹೊರಗೆ ಬನ್ನಿ. ಅದಕ್ಕಾಗಿ ಅವರು ಚಿಕಿತ್ಸೆ ನಿಲ್ಲಿಸೋ ಹಾಗಿಲ್ಲ. ವಾಸಿಯಾಗೇ ಆಗುತ್ತೆ ಅಂತ ನಾನು ಸುಳ್ಳು ಹೇಳಲ್ಲ. ಆದ್ರೆ ಮುಚ್ಚಿಟ್ರೆ ಬೆಳೆಯೋದು ನಿಲ್ಲುತ್ತಾ? ವರ್ಷಕ್ಕೆ ಎಷ್ಟು ಬೆಳೀತು ಅಂತ ಮೊದಲು ಕೇಳ್ತಾರೆ. ನಿಮಗೆ ಅಂದಾಜು ಇದ್ಯಾ?”

ಟೈಲರಮ್ಮ ಎದ್ದು ಡ್ರಾಯರ್ ಎಳೆದು ಹಳೆಯ ಅಳತೆ ಪುಸ್ತಕ ತೆಗೆದಳು. ಕೊನೆಯ ಪುಟದಲ್ಲಿ ವರ್ಷ ವರ್ಷವೂ ಮಗಳಿಗೆ ಬಟ್ಟೆ ಹೊಲಿಯುವ ಮೊದಲು ತೋಳಿನ ಸುತ್ತಳತೆಗೆ ಟೇಪು ಹಿಡಿದು ಬರೆದ ಅಂಕಿ. ಮೊದಲ ಸಾಲು: ಬಲ ಆರು ಇಂಚು, ಎಡ ಆರೂಕಾಲು. ಕೊನೆಯ ಸಾಲು: ಬಲ ಎಂಟು, ಎಡ ಹನ್ನೊಂದೂವರೆ. ಬಟ್ಟೆಯಲ್ಲಿ ಸುಳ್ಳು ಹೊಲಿದವಳು ಪುಸ್ತಕದಲ್ಲಿ ಒಮ್ಮೆಯೂ ಸುಳ್ಳು ಬರೆದಿರಲಿಲ್ಲ.

“ಇಷ್ಟು ವರ್ಷ ಬಚ್ಚಿಟ್ಟಿದ್ದು ಸಾಕು. ಊರು ಏನಾದರೂ ಅಂದ್ಕೊಳ್ಳಲಿ, ನಾನು ಕರ್ಕೊಂಡು ಹೋಗ್ತೀನಿ,” ಎಂದಳು. ಅತ್ತೆ ಮುಖ ತಿರುಗಿಸಿದರು. ಆದರೆ ಹೊರಡುವ ದಿನ ಎಲ್ಲರಿಗಿಂತ ಮೊದಲು ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದವರೂ ಅವರೇ.

ದೊಡ್ಡಾಸ್ಪತ್ರೆಯ ಡಾಕ್ಟರು ಆ ಪುಟವನ್ನು ಎರಡು ಸಲ ಓದಿದರು. “ಒಂಬತ್ತು ವರ್ಷದ ಲೆಕ್ಕ! ಇಷ್ಟು ಸರಿಯಾಗಿ ಯಾರೂ ತರಲ್ಲಮ್ಮ,” ಎಂದರು. ಇಲಿಯ ಪ್ರಶ್ನೆಯನ್ನು ಅತ್ತೆ ಜೋರಾಗಿಯೇ ಕೇಳಿದರು. ಡಾಕ್ಟರು ಬೇಸರಿಸದೆ ಒಪ್ಪಿಗೆ ಪತ್ರದ ಪ್ರತಿ ಸಾಲನ್ನೂ ಓದಿ ಹೇಳಿದರು. ಆಮೇಲೆ ಬಾಬಿನ್ ಕಡೆ ತಿರುಗಿ, “ನಿಂಗೆ ಒಪ್ಪಿಗೆನಾ? ತೋಳಿನ ಫೋಟೋ ತೆಗೀಬೇಕು. ಮುಖ ಬರಲ್ಲ,” ಎಂದರು.

“ಬಂದ್ರೆ ಬರ್ಲಿ. ನಾನೇನು ಕಳ್ಳತನ ಮಾಡಿದೀನಾ?”

ಮರಗಟ್ಟಿಸುವ ಔಷಧಿ ಕೊಟ್ಟು ತೋಳಿನಿಂದ ಸಣ್ಣ ಚೂರು ತೆಗೆದರು. ಕೆಲವು ತಿಂಗಳ ಮೇಲೆ ಉತ್ತರ ಬಂತು. ರಕ್ತದಲ್ಲಿ ಕಾಣದ ತಪ್ಪು ಆ ಚೂರಿನಲ್ಲಿ ಸಿಕ್ಕಿತ್ತು.

“ಯಾರ ಕಡೆಯಿಂದ ಬಂದಿದ್ದು?” ಎಂದರು ಅತ್ತೆ.

“ಯಾರ ಕಡೆಯಿಂದಲೂ ಅಲ್ಲ ಅಜ್ಜಿ. ತಾಯಿಯಿಂದಲೂ ಅಲ್ಲ, ತಂದೆಯಿಂದಲೂ ಅಲ್ಲ,” ಎಂದರು ಡಾಕ್ಟರು.

ಬಸ್ಸಿನಿಂದ ಇಳಿಯುವಾಗ ಅತ್ತೆ ಸೊಸೆಯ ಕೈಯಿಂದ ಚೀಲ ತೆಗೆದುಕೊಂಡು, “ಮೆಷಿನ್ ಮಾತು ಇನ್ನು ಆಡಲ್ಲ ಕಣೇ,” ಎಂದರು.

ಬೆಳವಣಿಗೆಗೆ ಕಡಿವಾಣ ಹಾಕಬಹುದೇ ಎಂದು ನೋಡುತ್ತಿರುವ ಔಷಧಿಯ ಪ್ರಯೋಗಕ್ಕೆ ಬಾಬಿನ್ ಸೇರಿದ್ದಾಳೆ. ತೋಳು ಚಿಕ್ಕದಾಗುತ್ತದೆ ಎಂದು ಯಾರೂ ಮಾತು ಕೊಟ್ಟಿಲ್ಲ. ಮೊಣಕೈಗೆ ವ್ಯಾಯಾಮ ಹೇಳಿಕೊಟ್ಟಿದ್ದಾರೆ. ಅಳತೆಯನ್ನು ಈಗ ತಿಂಗಳಿಗೊಮ್ಮೆ ಬಾಬಿನ್ನೇ ಬರೆಯುತ್ತಾಳೆ.

ಶಾಲೆ ಶುರುವಾಗುವ ಹೊತ್ತಿಗೆ ಟೈಲರಮ್ಮ ಹೊಸ ಯೂನಿಫಾರ್ಮ್ ಕತ್ತರಿಸಿದಳು. ಬಲತೋಳಿಗೆ ಬಲದ ಅಳತೆ, ಎಡತೋಳಿಗೆ ಎಡದ ಅಳತೆ. ಎರಡೂ ಗಿಡ್ಡ ತೋಳು. ಅಂಗಡಿಗೆ ಬಂದ ಪಕ್ಕದ ಮನೆಯಾಕೆ ಅದನ್ನು ಎತ್ತಿ ನೋಡಿ ಮೂಗು ಮುರಿದಳು. “ಇದೇನ್ರೀ, ಒಂದು ತೋಳು ದೊಡ್ಡದು, ಒಂದು ಚಿಕ್ಕದು? ಅಳತೆ ತಪ್ಪಿತಾ?”

ಟೈಲರಮ್ಮ ಬಾಯಿ ತೆರೆಯುವ ಮೊದಲೇ ಮೂಲೆಯಿಂದ ಅತ್ತೆಯ ದನಿ ಬಂತು. “ಇಷ್ಟು ವರ್ಷ ತಪ್ಪಿತ್ತು ಕಣಮ್ಮ. ಈಗ ಸರಿಹೋಗಿದೆ. ಅಂಗಿ ಕೊಡಿಲ್ಲಿ, ಗುಂಡಿ ಹಚ್ಚಬೇಕು.”

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯ ಮಗುವಿನ ಒಂದು ಕೈಯೋ ಕಾಲೋ ಬೆರಳೋ ಉಳಿದ ಮೈಗಿಂತ ಬೇಗ ಬೆಳೆಯುತ್ತಿದೆಯೇ? ಟೇಪು ಹಿಡಿಯಿರಿ, ತಾರೀಖು ಹಾಕಿ ಬರೆದಿಡಿ, ಹತ್ತಿರದ ಆರೋಗ್ಯ ಕೇಂದ್ರಕ್ಕೆ ತೋರಿಸಿ. ಇದು ಅಂಟುರೋಗವಲ್ಲ. ರಕ್ತ ಸರಿಯಿದೆ ಎಂದ ಮಾತ್ರಕ್ಕೆ ಸುಮ್ಮನಾಗಬೇಡಿ. ಸಂಶೋಧನೆಗೆ ಕರೆದರೆ ಎಲ್ಲವನ್ನೂ ಕೇಳಿ, ತಿಳಿದ ಮೇಲೆ ಮಾತ್ರ ಸಹಿ ಹಾಕಿ. ಹೆತ್ತವಳ ಕಡೆ ಬೆರಳು ತೋರಿಸುವವರಿಗೆ ಈ ಕಥೆ ಓದಿ ಹೇಳಿ. ಮತ್ತೆ, ದಯವಿಟ್ಟು, ಮಗುವಿಗೆ ಅದರ ಅಳತೆಯ ಅಂಗಿಯನ್ನೇ ಹೊಲಿಸಿ.