ಮೊದಲ ಬಹುಮಾನದ ಚಿತ್ರ

‘ಪ್ರಾಮಾಣಿಕ ಪ್ರಜೆ, ಬಲಿಷ್ಠ ದೇಶ’ ಎಂಬುದು ಮಕ್ಕಳ ಚಿತ್ರ ಸ್ಪರ್ಧೆಯ ವಿಷಯ. ಡ್ರಾಯಿಂಗ್ ಮೇಷ್ಟ್ರಾದ ನಾನೇ ತೀರ್ಪುಗಾರ. ಮಕ್ಕಳಿನ್ನೂ ಪೆನ್ಸಿಲ್ ಚೂಪು ಮಾಡುತ್ತಿದ್ದರು, ಅಷ್ಟರಲ್ಲೇ ಮುಖ್ಯ ಅತಿಥಿಯ ಕಾರು ಬಂತು.

“ಅವರಿಗೆ ಇನ್ನೊಂದು ಫಂಕ್ಷನ್ ಇದೆಯಂತೆ. ಮೊದ್ಲು ಬಹುಮಾನ ಕೊಡಿಸಿಬಿಡೋಣ, ಸ್ಪರ್ಧೆ ಆಮೇಲೆ ಮಾಡಿದ್ರಾಯ್ತು,” ಎಂದರು ಹೆಡ್‌ಮಾಸ್ಟರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದವರನ್ನು ಕಂಡಿದ್ದೇನೆ. ಈ ಮಹಾನುಭಾವ ಕೂಸಿನ ಮದುವೆಯನ್ನೇ ಮುಗಿಸಿಬಿಟ್ಟ.

ಇಸ್ತ್ರಿ ಮಾಡಿದ ಸಮವಸ್ತ್ರ ತೊಟ್ಟಿದ್ದವಳು ಒಬ್ಬಳೇ ಹುಡುಗಿ. ಫೋಟೋದಲ್ಲಿ ಚೆನ್ನಾಗಿ ಕಾಣುತ್ತಾಳೆಂದು ಅವಳಿಗೇ ಮೊದಲ ಬಹುಮಾನ. ಅತಿಥಿ ಅವಳ ಕೈಗೆ ಕಪ್ ಕೊಟ್ಟು, ಪ್ರಾಮಾಣಿಕತೆಯ ಮೇಲೊಂದು ಭಾಷಣ ಬಿಗಿದು ಹೊರಟುಹೋದ.

ಆಮೇಲೆ ನಾನು ಬಿಳಿ ಹಾಳೆ ಹಂಚಿದೆ. ಆ ಹುಡುಗಿ ಕಪ್ ತಂದು ನನ್ನ ಮೇಜಿನ ಮೇಲಿಟ್ಟಳು. “ನಂಗೆ ಚಿತ್ರ ಬರಲ್ಲ ಸರ್. ಇದನ್ನ ಬೇರೆ ಯಾರಿಗಾದ್ರೂ ಕೊಡಿ,” ಎಂದು ಅತ್ತಳು.

ಹೆಡ್‌ಮಾಸ್ಟರು ನನ್ನ ಕಿವಿಯಲ್ಲಿ ಉಸುರಿದರು: “ಫೋಟೋ ಆಗ್ಲೇ ಪೇಪರ್‌ಗೆ ಹೋಯ್ತಲ್ರೀ! ಅವಳ ಹೆಸರಲ್ಲಿ ನೀವೇ ಒಂದು ಬಿಡಿಸಿಬಿಡಿ.”

ಮೈಮೇಲೆ ಹೇಸಿಗೆ ಸುರಿದಂತಾಯಿತು. ಆದರೂ ಕೂತು ಬಿಡಿಸಿದೆ. ಮಗು ಬಿಡಿಸಿದಂತೆ ಕಾಣಲೆಂದು ಎಡಗೈಯಲ್ಲಿ.

ಥೂ! ಚಿತ್ರ ಚೆನ್ನಾಗಿಯೇ ಬಂತು.